ಟ್ಯಾಬಿನ ಮೂಲೆಯಲ್ಲೊಂದು ಚಂದ್ರ

ಸೇಡು ತೀರಿಸಿಕೊಳ್ಳುವುದಕ್ಕೂ ಒಂದು ಗುಂಡಿಗೆ ಬೇಕು, ಅದು ನನಗಿಲ್ಲ ಎಂಬುದು ನನ್ನ ಹೆಂಡತಿಯ ಬಹುಕಾಲದ ಅಭಿಪ್ರಾಯ. ತಪ್ಪೇನಲ್ಲ. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮರಳಿ ಬಂದು, ಬಂದ್ ಆಗಿದ್ದನ್ನು ಕಣ್ಣಾರೆ ಕಂಡು, ಮತ್ತೆ ಸ್ಟಾಪು ಮುಟ್ಟಿದ ಮೇಲೆ ಈಗ ಬೀಗ ಹಾಕಿದೆನೋ ಇಲ್ಲವೋ ಎಂದು ನಿಂತುಬಿಡುವ ಮನುಷ್ಯ ನಾನು. ಇಂಥವನು ಯಾರ ಮೇಲೆ ಹಲ್ಲು ಕಡಿದಾನು? ಕಡಿದರೂ ಹಲ್ಲು ಸವೆದೀತೆಂಬ ಚಿಂತೆ. ಆದರೂ ಒಬ್ಬನ ಮೇಲೆ ನಾನು ಸೇಡು ತೀರಿಸಿಕೊಂಡೆ. ಅದನ್ನು ನೆನೆದರೆ ಈಗಲೂ ನಾಲಿಗೆಯ ಮೇಲೆ ಬೆಲ್ಲದ ಚೂರು ಇಟ್ಟಂತಾಗುತ್ತದೆ.

ನನ್ನ ಕೆಲಸ ಮುಂಬಯಿಯ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಔಷಧಿ ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳಗಳನ್ನು ಬೆಳಕಿಗೆ ಹಿಡಿದು, ಎಲ್ಲಾದರೂ ಸೂಜಿಮೊನೆಯಷ್ಟು ತೂತಿದೆಯೇ ಎಂದು ನೋಡುವುದು. ತೂತಿದ್ದರೆ ಬೆಳಕು ತಾನಾಗಿ ಹೇಳಿಬಿಡುತ್ತದೆ. ಚಿಂತೆಯ ಸ್ವಭಾವಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು. ಅದು ನನಗೇ ಸಿಕ್ಕಿದೆ.

ಸಂಜೆ ಮುಲುಂಡಿನ ಮನೆಗೆ ಮರಳಿದರೆ ಟಿವಿ ಹೆಂಡತಿ ಮತ್ತು ಮಗಳ ವಶದಲ್ಲಿರುತ್ತದೆ. ಹಳೆಯ ಕಪ್ಪು ಬಿಳುಪು ಸಿನಿಮಾಗಳ ಹುಚ್ಚು ನನಗೆ. ಒಂದು ಟ್ಯಾಬ್ ತೆಗೆದುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತುಬಿಡೋಣ ಎಂದು ವರ್ಷಗಟ್ಟಲೆ ಯೋಚಿಸಿ ಕೊನೆಗೆ ನಿರ್ಧಾರ ಮಾಡಿದೆ. ಮಗಳು ಆನ್‌ಲೈನ್‌ನಲ್ಲಿ ತರಿಸೋಣ, ಸರಿಯಿಲ್ಲದಿದ್ದರೆ ವಾಪಸ್ ಕಳಿಸಬಹುದು ಎಂದಳು. ನಾನು ಕೇಳಲಿಲ್ಲ. ಏಕೆಂದರೆ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಫ್ಲ್ಯಾಟಿನ ಸರಿಯಾಗಿ ಕೆಳಗೆ, ಮೊಬೈಲ್ ಅಂಗಡಿಯವನೊಬ್ಬ ಹೊಸದಾಗಿ ವಾಸಕ್ಕೆ ಬಂದಿದ್ದ. ನಮ್ಮ ಬಾಗಲಕೋಟೆ ಕಡೆಯವನು.

ಮುಂಬಯಿಯಲ್ಲಿರುವ ನಮ್ಮ ಕಡೆಯವರಿಗೆ ಇದೊಂದು ರೋಗ. ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಒಂದು ಹೂಕೋಸು ಕೊಳ್ಳಬೇಕಾದರೂ ತಲೆಕೆಳಗೆ ಮಾಡಿ, ಎಲೆ ಸರಿಸಿ, ಹುಳ ಹುಡುಕಿ, ಮಾರುವವನ ವಂಶವನ್ನೇ ಅನುಮಾನಿಸುತ್ತೇವೆ. ಅದೇ ಕೌಂಟರಿನ ಆಚೆಯಿಂದ ಯಾರಾದರೂ ‘ಬರ್ರಿ ಕಾಕಾ, ಯಾವೂರು ನಿಮ್ದು?’ ಎಂದುಬಿಟ್ಟರೆ ಮುಗಿಯಿತು, ಬುದ್ಧಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟಲ್ಲೇ ಉಳಿಯುತ್ತದೆ. ಅಂಗಡಿಗೆ ಹೋದೊಡನೆ ಈತನೂ ಊರು ಕೇಳಿದ. ಹೇಳಿದೆ.

‘ಅಯ್ಯ! ನಮ್ಮ ಸೋದರತ್ತಿನ್ನ ಆ ಊರಿಗೇ ಕೊಟ್ಟೈತ್ರಿ!’

ಅಲ್ಲಿಗೆ ನಾವು ಬೀಗರಾದೆವು. ಚಹಾ ಬಂತು. ಟ್ಯಾಬಿನ ಡಬ್ಬಿ ಬಂತು. ‘ತೆಗೆದು, ಆನ್ ಮಾಡಿ ತೋರಸ್ಲೇನ್ರಿ?’ ಎಂದು ಕೇಳಿದ.

‘ಬ್ಯಾಡಪಾ. ನಿನ್ನ ಮ್ಯಾಲ ನಂಬಿಗಿ ಇಲ್ಲೇನು?’ ಎಂದೆ ನಾನು. ದಿನವಿಡೀ ಮುಚ್ಚಳದ ತೂತು ಹುಡುಕುವ ನಾನು! ನಮ್ಮವನ ಎದುರಿಗೆ ಅವನ ಮಾಲನ್ನು ಪರೀಕ್ಷೆ ಮಾಡುವುದು ಹೇಗೆ ಎಂಬ ಹಾಳು ದಾಕ್ಷಿಣ್ಯ.

ಅದೇ ವಾರ ಒಂದು ಹಳೆಯ ಸಿನಿಮಾ ಹಾಕಿದೆ. ಅದರಲ್ಲಿ ಅಮಾವಾಸ್ಯೆಯ ಕತ್ತಲು. ಕಳ್ಳರು ಹೊಂಚು ಹಾಕುತ್ತಿದ್ದಾರೆ, ಕಗ್ಗತ್ತಲೆ, ಎಲ್ಲೂ ಮಿಣುಕು ದೀಪವಿಲ್ಲ. ಆದರೆ ಬಲಗಡೆ ಕೆಳಗಿನ ಮೂಲೆಯಲ್ಲಿ ಚಂದ್ರ ಮೂಡಿದ್ದಾನೆ. ಮಸುಕಾಗಿ, ಹಾಲು ಚೆಲ್ಲಿ ಒರೆಸಿದ ಹಾಗೆ. ದೃಶ್ಯ ಬದಲಾಯಿತು, ಬಾವಿಯ ಒಳಗೆ ಬಿದ್ದ ನಾಯಕ, ಚಂದ್ರ ಅಲ್ಲೇ. ನೆಲಮಾಳಿಗೆ, ಚಂದ್ರ ಅಲ್ಲೇ.

ಹೆಂಡತಿಯನ್ನು ಕರೆದೆ. ಆಕೆ ಟ್ಯೂಬ್‌ಲೈಟಿನ ಕೆಳಗೆ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನೋಡಿದಳು. ‘ನನಗೇನೂ ಕಾಣಂಗಿಲ್ಲ. ನಿಮಗ ಯಾವಾಗ್ಲೂ ಏನರ ಒಂದು ಕಾಣ್ತೈತಿ. ಮೊನ್ನೆ ಗ್ವಾಡಿ ಬಿರುಕು ಬಿಟ್ಟೈತಿ ಅಂದ್ರಿ. ಅದು ಜ್ಯಾಡ ಇತ್ತು.’

ಜೇಡ ಇದ್ದದ್ದು ನಿಜ. ಆದರೆ ಇದು ಜೇಡವಲ್ಲ.

ಮಗಳು ಮೊಬೈಲಿನಲ್ಲಿ ಹುಡುಕಿ ಹೆಸರು ಹೇಳಿದಳು. ‘ಪಪ್ಪಾ, ಇದಕ್ಕೆ ಬ್ಯಾಕ್‌ಲೈಟ್ ಬ್ಲೀಡ್ ಅಂತಾರೆ. ಸ್ಕ್ರೀನ್ ಪೀಛೆ ಲೈಟ್ ಇರ್ತದೆ ನಾ, ವೋ ಸೈಡ್ ಸೇ ಬರ್ತದೆ. ಟೆನ್ಶನ್ ಮತ್ ಲೋ.’ ಟೆನ್ಶನ್ ತೆಗೆದುಕೊಳ್ಳಬೇಡ ಎಂದು ನನಗೆ ಹೇಳುವುದೆಂದರೆ ಮೀನಿಗೆ ನೀರು ಬಿಡು ಎಂದ ಹಾಗೆ. ಆದರೆ ವಿಷಯ ಅರ್ಥವಾಯಿತು. ಈ ಪರದೆಗಳಲ್ಲಿ ಕಪ್ಪು ಎಂದರೆ ಬೆಳಕು ಆರುವುದಲ್ಲ. ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಮುಂದೆ ಕಿಟಕಿ ಮುಚ್ಚಿದಂತೆ ಮುಚ್ಚುತ್ತಾರೆ. ಚೌಕಟ್ಟು ಸರಿಯಾಗಿ ಕೂಡದಿದ್ದರೆ ಅಂಚಿನಿಂದ ಬೆಳಕು ಸೋರುತ್ತದೆ. ಅಂದರೆ ತೂತುಬಿದ್ದ ಮುಚ್ಚಳ. ನನ್ನ ಸ್ವಂತ ಕಸುಬಿನ ತಪ್ಪೇ ನನ್ನ ಮನೆಗೆ ಬಂದು ಕೂತಿತ್ತು.

ಸರಿಯಾಗಿ ಪರೀಕ್ಷಿಸಬೇಕೆಂದರೆ ಕತ್ತಲು ಬೇಕು. ಮುಂಬಯಿಯಲ್ಲಿ ಕತ್ತಲು ಎಲ್ಲಿದೆ? ಎದುರಿನ ಬಿಲ್ಡಿಂಗಿನ ದೀಪ, ರಸ್ತೆಯ ಜಾಹೀರಾತು ಫಲಕ, ಎಲ್ಲವೂ ಪರದೆ ಎಳೆದರೂ ಒಳಗೇ. ನಮ್ಮ ಮನೆಯಲ್ಲಿ ಹಗಲಲ್ಲೂ ಕತ್ತಲಾಗುವ ಜಾಗ ಒಂದೇ: ಬಾತ್‌ರೂಮು. ಅದರ ಕಿಟಕಿ ಪೈಪುಗಳ ಸಂದಿಗೆ ತೆರೆಯುತ್ತದೆ. ಒಂದು ಹಲಗೆ ಒರಗಿಸಿದರೆ ಪಾತಾಳ. ಭಾನುವಾರ ಮಧ್ಯಾಹ್ನ ಬಕೆಟ್ ಬೋರಲು ಹಾಕಿ ಕೂತು, ಕಪ್ಪು ಚಿತ್ರವೊಂದನ್ನು ಪರದೆಗೆ ತಂದು ನೋಡಿದೆ. ಚಂದ್ರನೇನು, ಅದು ಹುಣ್ಣಿಮೆ.

ಟ್ಯಾಬ್ ಹಿಡಿದು ಅಂಗಡಿಗೆ ಹೋದೆ. ಅಂಗಡಿಯೋ, ಮದುವೆಯ ಮಂಟಪಕ್ಕಿಂತ ಹೆಚ್ಚು ದೀಪ.

‘ಎಲ್ಲೈತ್ರಿ ಕಾಕಾ? ತೋರಸ್ರಿ.’

ಅಂಗೈ ಅಡ್ಡ ಹಿಡಿದೆ. ಕಾಣಲಿಲ್ಲ. ನನ್ನ ಊಟದ ಡಬ್ಬಿಯ ಚೀಲವನ್ನು ಖಾಲಿ ಮಾಡಿ ಟ್ಯಾಬಿನ ಮೇಲೆ ಕವುಚಿ, ‘ಹಿಂಗ ಮಕ ಒಳಗ ಹಾಕಿ ನೋಡು’ ಎಂದೆ. ಅವನು ಹಾಕಲಿಲ್ಲ. ಪಕ್ಕದಲ್ಲಿ ಕವರ್ ಕೊಳ್ಳಲು ನಿಂತಿದ್ದ ಹೆಂಗಸು ನಕ್ಕಳು.

‘ಕಾಕಾ, ಇದು ನಾರ್ಮಲ್ ರೀ. ಎಲ್ಲಾ ಪೀಸಿನ್ಯಾಗೂ ಇರ್ತೈತಿ. ನೀವು ಕತ್ತಲ್ಯಾಗ ಯಾಕ ನೋಡ್ತೀರಿ? ಬೆಳಕಿನ್ಯಾಗ ನೋಡ್ರಿ, ಕಾಣಂಗಿಲ್ಲ!’

‘ನಿನಗ ಕಾಣ್ತೈತೋ ಇಲ್ಲೋ, ಅಷ್ಟ ಹೇಳು.’

‘ಇಲ್ರಿ. ಏನೂ ಇಲ್ಲ. ಮನಸಿನ್ಯಾಗಿಂದ ತೆಗೆದುಹಾಕ್ರಿ.’

ಬದಲಿಸಿಕೊಡದಿದ್ದರೆ ಹೋಗಲಿ, ನಾನು ಮರೆಯುತ್ತಿದ್ದೆನೇನೋ. ಇಲ್ಲ ಎಂದನಲ್ಲ, ಅದು ಚುಚ್ಚಿತು. ಅದಕ್ಕೂ ಮೇಲೆ ಅವನು ಲಿಫ್ಟಿನಲ್ಲಿ ನನ್ನನ್ನು ಕಂಡಾಗಲೆಲ್ಲ, ನಾಲ್ಕು ಜನರ ನಡುವೆ, ‘ಏನ್ ಕಾಕಾ, ಇವತ್ತೂ ಬೆಳಕು ಸೋರಾಕ ಹತ್ತೈತೇನ್ರಿ?’ ಎಂದು ಕೇಳತೊಡಗಿದ. ಮೊದಲು ವಾಚ್‌ಮನ್ ನಕ್ಕ. ಆಮೇಲೆ ಮೇಲಿನ ಮಹಡಿಯ ಮರಾಠಿ ಅಜ್ಜಿ ಮರುಕದಿಂದ ನನ್ನ ಕಣ್ಣಿನ ಆಪರೇಷನ್ ಯಾವಾಗ ಎಂದು ಕೇಳಿದರು. ಆ ದಿನ ನಾನು ಪಣ ತೊಟ್ಟೆ. ಹೊಸ ಟ್ಯಾಬ್ ಬೇಡ. ಇವನ ಬಾಯಿಂದಲೇ ‘ಕಾಣುತ್ತದೆ’ ಎಂಬ ಒಂದು ಮಾತು ಬರಬೇಕು. ಅದೂ ನನ್ನ ಮನೆಯವರಿಗೆ ಕೇಳುವ ಹಾಗೆ.

ಸೇಡಿನ ಹಾದಿಗಳನ್ನು ಹುಡುಕಿದೆ. ಅವನ ಒಣಗುವ ಅಂಗಿಗಳ ಮೇಲೆ ತೊಟ್ಟಿಕ್ಕಲಿ ಎಂದು ಹಸಿ ಚಾದರ ಹರವಲು ಹೋದೆ. ಹರವುವ ಮುನ್ನ, ಪಾಪ ಅಂಗಿಗೆ ಬಣ್ಣ ಹತ್ತೀತೆಂದು ಗಟ್ಟಿಯಾಗಿ ಹಿಂಡಿಬಿಟ್ಟೆ, ಒಂದು ಹನಿ ಬೀಳಲಿಲ್ಲ. ಅವನು ಓಡಿ ಬರುವುದು ಕಂಡರೂ ಲಿಫ್ಟಿನ ಬಾಗಿಲು ಮುಚ್ಚಲು ಗುಂಡಿ ಒತ್ತಿದೆ. ಅವನ ಕೈ ಸಿಕ್ಕೀತೆಂಬ ದಿಗಿಲಿಗೆ ನಾನೇ ಕಾಲು ಅಡ್ಡ ಕೊಟ್ಟು ನಿಲ್ಲಿಸಿದೆ. ‘ಥ್ಯಾಂಕ್ಯೂ ಕಾಕಾ’ ಎಂದು ಒಳಗೆ ಬಂದವನು ಬೆಳಕಿನ ಯೋಗಕ್ಷೇಮ ವಿಚಾರಿಸಿದ.

ನನ್ನ ಕೈಲಾಗದ್ದನ್ನು ನಮ್ಮ ಬಾತ್‌ರೂಮು ಮಾಡಿತು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ಎಂದೂ ಕಾಣದ ವಿನಯ. ‘ಕಾಕಾ, ನಿಮ್ಮ ಬಾತ್‌ರೂಮಿನ ನೀರು ನಮ್ಮ ಬಾತ್‌ರೂಮಿನ ಛತ್ತಿನಿಂದ ಸೋರಾಕ ಹತ್ತೈತ್ರಿ.’

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಇದಕ್ಕೆ ಒಂದು ರೂಢಿ ಇದೆ. ಸೋರುವುದು ಕೆಳಗಿನವನ ಮನೆಯಲ್ಲಿ; ಟೈಲ್ಸ್ ಒಡೆಸಿ ರಿಪೇರಿ ಮಾಡಿಸಬೇಕಾದವನು ಮೇಲಿನವನು. ಹಾಗಾಗಿ ಕೆಳಗಿನವನು ಎಷ್ಟೇ ದೊಡ್ಡವನಿರಲಿ, ಮೆಟ್ಟಿಲು ಹತ್ತಿ ಬಂದು ಮೇಲಿನವನ ಬಾಗಿಲಲ್ಲಿ ತಲೆ ತಗ್ಗಿಸಬೇಕು. ನನ್ನ ಎದೆ ಡವಗುಟ್ಟಿತು. ಮೊದಲ ಸಲ ಹೆದರಿಕೆಯಿಂದಲ್ಲ.

‘ನಾರ್ಮಲ್ ಅಪಾ’ ಎಂದೆ. ‘ಎಲ್ಲಾ ಬಿಲ್ಡಿಂಗಿನ್ಯಾಗೂ ಇರ್ತೈತಿ.’

ಅವನು ತನ್ನ ಒದ್ದೆ ತಲೆ ಮುಟ್ಟಿ ತೋರಿಸಿದ.

‘ನೀ ಮ್ಯಾಲ ಯಾಕ ನೋಡ್ತಿ? ಕೆಳಗ ನೋಡಿ ಜಳಕಾ ಮಾಡು, ಕಾಣಂಗಿಲ್ಲ.’

ಅವನು ಹೋದ ಮೇಲೆ ಸೋಫಾದ ಮೇಲೆ ಕೂತು ನಾನೊಬ್ಬನೇ ನಕ್ಕೆ. ಆಮೇಲೆ ಛತ್ತು ಕಳಚಿ ಅವನ ತಲೆಯ ಮೇಲೆ ಬಿದ್ದರೆ ಪೊಲೀಸರು ಯಾರನ್ನು ಹಿಡಿಯುತ್ತಾರೆ ಎಂದು ಚಿಂತೆ ಹತ್ತಿತು. ಹೆಂಡತಿ ಬೇರೆ ಬೈದಳು. ‘ಅವನ ಹೇಣ್ತಿ ಜಳಕಕ್ಕ ಛತ್ರಿ ಹಿಡ್ಕೊಂಡು ಹೋಗಾಕ ಹತ್ಯಾಳ. ನಿಮ್ಮ ಹಠಕ್ಕ ಆಕಿ ಏನ್ ಮಾಡ್ಯಾಳು?’

‘ಮಾಡಸ್ತೀನಿ. ಆದ್ರ ಅವ ಮೊದಲ ಬಂದು ನೋಡಿ ಹೋಗ್ಲಿ’ ಎಂದೆ. ಮಗಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಒಂದು ಕೆಲಸ ಹೇಳಿದೆ. ಬಾತ್‌ರೂಮಿನ ಸ್ವಿಚ್ಚು ಹೊರಗೆ ಇರುವುದರಿಂದ ನನಗೆ ಒಬ್ಬರ ಸಹಾಯ ಬೇಕಿತ್ತು. ಅವಳು ಮೊದಲ ಸಲ ನನ್ನನ್ನು ಗೌರವದಿಂದ ನೋಡಿದಳು. ‘ಪಪ್ಪಾ, ಯೂ ಆರ್ ಡೇಂಜರಸ್.’

ಭಾನುವಾರ ಅವನು ಬಂದ. ಹೆಂಡತಿ ಚಹಾಕ್ಕೆ ಇಟ್ಟಳು. ಅವನನ್ನು ಒಳಗೆ ಬಿಟ್ಟು, ನಾನೂ ಹೊಕ್ಕು, ಚಿಲಕ ಹಾಕಿದೆ. ಕಿಟಕಿಗೆ ಹಲಗೆ ಮೊದಲೇ ಒರಗಿಸಿಟ್ಟಿದ್ದೆ. ಅವನು ಮೂಲೆಯ ಟೈಲ್ಸ್ ನೋಡಲು ಬಗ್ಗಿದ್ದೇ ತಡ, ದೀಪ ಆರಿತು.

‘ಲೈಟ್ ಹೋತೇನ್ರಿ?’

‘ಹೋಗಿಲ್ಲ. ತೆಗಸೀನಿ. ಸುಮ್ನ ನಿಂದರು, ಕಣ್ಣು ಕತ್ತಲಿಗೆ ಹೊಂದ್ಲಿ.’

‘ಕಾಕಾ, ಏನ್ ಮಾಡಾಕ ಹತ್ತೀರಿ?’ ಅವನ ದನಿಯಲ್ಲಿ ನಿಜವಾದ ಭಯವಿತ್ತು. ಅದನ್ನು ಕೇಳಿ ನನಗಾದ ಸುಖವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ನಲ್ಲಿಯಿಂದ ಹನಿ ಬೀಳುತ್ತಿತ್ತು. ಬೀಳಲಿ ಎಂದು ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ಟವೆಲ್ಲಿನ ಹಿಂದಿನಿಂದ ಟ್ಯಾಬ್ ತೆಗೆದು, ಕಪ್ಪು ಪರದೆಯನ್ನು ಅವನ ಮೂಗಿನ ಮುಂದೆ ಹಿಡಿದೆ.

‘ಏನ್ ಕಾಣ್ತೈತಿ?’

ಅವನು ಹಿಂದೆ ಸರಿದ; ಕಾಲು ತಾಗಿ ಬಕೆಟ್ ಉರುಳಿತು.

‘ಕಾಕಾ, ನಾ ಟೈಲ್ಸ್ ನೋಡಾಕ ಬಂದೀನ್ರಿ...’

‘ಟೈಲ್ಸ್ ಆಮ್ಯಾಲ. ಇಲ್ಲಿ ಏನ್ ಕಾಣ್ತೈತಿ? ಬಲಕ್ಕ, ಕೆಳಗ.’

‘ಸ್ವಲ್ಪ... ಬೆಳ್ಳಗ...’

‘ಸ್ವಲ್ಪ?’

‘ಇಲ್ರಿ. ಭಾಳನ ಐತಿ.’

‘ಜೋರಾಗಿ ಹೇಳು. ಹೊರಗ ಕೇಳಬೇಕು.’

‘ಕಾಣ್ತೈತ್ರೀ!’ ಎಂದು ಅವನು ಕೂಗಿದ. ‘ಮೂಲ್ಯಾಗ ಬೆಳಕು ಸೋರಾಕ ಹತ್ತೈತಿ! ಕಾಕು, ದೀಪ ಹಾಕಸ್ರಿ!’

ಹೊರಗೆ ಮಗಳು ಚಪ್ಪಾಳೆ ತಟ್ಟಿದಳು. ‘ಕೇಳಿದ್ನಿ, ಕೇಳಿದ್ನಿ’ ಎಂದಳು ಹೆಂಡತಿ. ‘ಇನ್ನರ ಬಾಗಲಾ ತೆಗೀರಿ, ಚಹಾ ಆರತೈತಿ.’

ಅಲ್ಲಿಗೆ ಮುಗಿದಿದ್ದರೆ ಅದು ಸಾಧಾರಣ ಸೇಡು. ದೀಪ ಬಂದಿತು, ಚಿಲಕ ತೆಗೆಯಲು ಕೈ ಚಾಚಿದೆ. ಅವನು ನನ್ನ ಕೈ ಹಿಡಿದ. ‘ನಿಂದರ್ರಿ. ಒಂದ್ ಮಿನಿಟ್. ಲೈಟ್ ತೆಗಸ್ರಿ ಮತ್ತ.’ ಕತ್ತಲಾಯಿತು. ಟ್ಯಾಬನ್ನು ನನ್ನ ಕೈಯಿಂದ ಕಸಿದುಕೊಂಡು, ಅತ್ತ ಇತ್ತ ವಾಲಿಸಿ ನೋಡಿದ. ‘ಕಾಕಾ, ಎಡಕ್ಕ ಮ್ಯಾಲೂ ಒಂದು ಐತಲ್ರಿ. ಸಣ್ಣದು.’

ಅದನ್ನು ನಾನು ಅಷ್ಟು ದಿನ ಕಂಡಿರಲಿಲ್ಲ. ಈಗ ಅದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ ಅವನ ದನಿ ಬದಲಾಗಿತ್ತು. ಆ ದನಿ ನನಗೆ ಗೊತ್ತು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಲ್ಲಿ ನಿಂತವನ ದನಿ. ನನ್ನ ರೋಗ ಅವನಿಗೆ ಅಂಟಿತ್ತು.

ನಾನು ಟೈಲ್ಸ್ ಒಡೆಸಿ ರಿಪೇರಿ ಮಾಡಿಸಿದೆ; ಅವನ ಛತ್ತು ಒಣಗಿತು. ಅವನು ತಾನಾಗಿ ಟ್ಯಾಬ್ ಬದಲಿಸಿಕೊಡುತ್ತೇನೆ ಎಂದು ಅಂಗಡಿಗೆ ಕರೆದ. ಹೋದೆ. ಕೌಂಟರಿನ ಕೆಳಗೆ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು, ಹಳೆಯ ಕಾಲದ ಫೋಟೋಗ್ರಾಫರನಂತೆ ಕೂತು ಒಂದೊಂದೇ ಪೀಸು ನೋಡುತ್ತಿದ್ದ. ‘ಇದರಾಗೂ ಐತಿ... ಇದರಾಗ ಹಳದಿ ಹೊಡೀತೈತಿ... ಇದು ಬ್ಯಾಡ್ರಿ ಕಾಕಾ, ನಾ ಕೊಡಂಗಿಲ್ಲ.’ ಕೌಂಟರಿನ ಈಚೆ ಗಿರಾಕಿಗಳು ನಗುತ್ತಿದ್ದರು. ನಾನು ನನ್ನ ಟ್ಯಾಬನ್ನೇ ಎತ್ತಿಕೊಂಡು ಬಂದೆ. ಅದು ಈಗ ನನಗೆ ಪದಕ ಇದ್ದಂತೆ, ಮೂಲೆಯಲ್ಲಿ ಹೊಳೆಯುತ್ತಿರಲಿ.

ಮೊನ್ನೆ ಅವನ ಹೆಂಡತಿ ನನ್ನ ಹೆಂಡತಿಯ ಬಳಿ ಬಂದು ಗೋಳು ಹೇಳಿಕೊಂಡಳಂತೆ. ಅವನು ಟಿವಿಯಲ್ಲಿ ಕ್ರಿಕೆಟ್ ನೋಡುವುದನ್ನೇ ಬಿಟ್ಟಿದ್ದಾನೆ. ಪರದೆ ಕಪ್ಪಾದಾಗಲೆಲ್ಲ ಎದ್ದು ಹೋಗಿ ನಾಲ್ಕೂ ಮೂಲೆ ಮುಟ್ಟಿ ನೋಡುತ್ತಾನೆ. ಮನೆಯವರ ಫೋನುಗಳನ್ನೆಲ್ಲ ಒಂದೊಂದಾಗಿ ಬಾತ್‌ರೂಮಿಗೆ ಒಯ್ಯುತ್ತಾನೆ. ‘ಕಾಕಾ ನಮ್ಮ ಮನಿಯವ್ರಿಗೆ ಏನ್ ಮಾಡಿದ್ರೋ ಏನೋ’ ಎಂದು ಕೇಳಿದಳಂತೆ. ಹೆಂಡತಿ ಇದನ್ನು ಹೇಳುವಾಗ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಇನ್ನೊಂದು ಕಪ್ ಚಹಾ ಕೇಳಿದೆ.

ಇಂದು ಬೆಳಿಗ್ಗೆ ಲಿಫ್ಟಿನಲ್ಲಿ ಅವನು ಸಿಕ್ಕ. ಕಣ್ಣುಗಳು ಕೆಂಪಗಾಗಿದ್ದವು. ಮರಾಠಿ ಅಜ್ಜಿ ಇದ್ದರು, ವಾಚ್‌ಮನ್ ಇದ್ದ, ಹಾಲಿನವನಿದ್ದ. ಇಷ್ಟು ಜನ ಸಾಕು ಎನಿಸಿತು.

‘ಏನಪಾ’ ಎಂದೆ, ‘ಟಿವ್ಯಾಗ ಇನ್ನೂ ನಾಕ ಮೂಲಿನೋ, ನಡುವೂ ಶುರುವಾತೋ?’

ಅವನು ತಲೆ ಎತ್ತಿ, ಗಾಬರಿಯಿಂದ ನನ್ನ ಮುಖ ನೋಡಿದ. ‘ನಡುವ? ನಡುವೂ ಬರ್ತೈತೇನ್ರಿ, ಕಾಕಾ?’

‘ನಾರ್ಮಲ್ ಅಪಾ’ ಎಂದೆ. ಲಿಫ್ಟ್ ಕೆಳಗೆ ಮುಟ್ಟಿತು.