ಆಳ ಸಮುದ್ರದ ಹುಳು, ಕಂಪ್ಲಿಯ ಅಕ್ಕಿ

ನಾನು ಸೀನಿದೆ. ನಾನು ಮಾಡಿದ ತಪ್ಪು ಇಷ್ಟೇ.

ಅಡುಗೆಮನೆಯಲ್ಲಿ ಹೆಂಡತಿ ಸುಮಾ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದಳು. ಘಾಟು ಸೀದಾ ಮೂಗಿಗೆ ಬಂತು. ಸೀನಿ ಕಣ್ಣು ಬಿಟ್ಟರೆ ಟೇಬಲ್ ಮೇಲಿನ ಗಾಜಿನ ತಟ್ಟೆ ಖಾಲಿ!

ಆ ತಟ್ಟೆಯಲ್ಲಿ ಇದ್ದದ್ದು ಒಂದು ಬಸವನಹುಳುವಿನ ಚಿಪ್ಪು. ಬಿಸಿಲೇ ಮುಟ್ಟದಷ್ಟು ಆಳದ ಸಮುದ್ರದಿಂದ ಹಡಗಿನವರು ಕೆಸರಿನ ಜೊತೆ ಎತ್ತಿ ತಂದದ್ದು. ಬೆಳ್ಳಗೆ, ಸಣ್ಣಗೆ, ಉದ್ದ ಹೆಚ್ಚೆಂದರೆ ಒಂದು ಅಕ್ಕಿಕಾಳಿನಷ್ಟು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಹೊಸಪೇಟೆಯಲ್ಲಿ ಝೂವಾಲಜಿ ಲೆಕ್ಚರರ್. ಸಮುದ್ರವಿಲ್ಲದ ಊರಲ್ಲಿ ಕೂತು ಸಮುದ್ರದ ಹುಳುಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ಮಹಾನುಭಾವ. ಡ್ಯಾಮ್ ಆದರೂ ಇದೆಯಲ್ಲ ಅಂತ ಸ್ಟಾಫ್ ರೂಮಿನಲ್ಲಿ ಸಮಾಧಾನ ಹೇಳುತ್ತಾರೆ.

ಈ ಹುಳುವಿಗೆ ಇನ್ನೂ ಹೆಸರೇ ಇಲ್ಲ. ಹೊಸ ಪ್ರಭೇದ. ಅದರ ಚಿತ್ರ ಬರೆದು, ವರ್ಣನೆ ಬರೆದು, ಹೆಸರಿಡುವ ಕೆಲಸ ನನ್ನದು.

ಹಾಗೆ ಹೆಸರಿಡಬೇಕಾದರೆ, ಇದೇ ನೋಡಿ ಆ ಹುಳು ಅಂತ ತೋರಿಸಲು ಒಂದು ಮಾದರಿ ಮ್ಯೂಸಿಯಂನಲ್ಲಿ ಇರಲೇಬೇಕು. ಸಿಕ್ಕ ನಾಲ್ಕು ಚಿಪ್ಪುಗಳಲ್ಲಿ ಮೂರು ಒಡೆದಿದ್ದವು. ಇಡಿಯಾಗಿ ಇದ್ದದ್ದು ಇದೊಂದೇ. ಸೋಮವಾರ ವಾಪಸ್ ತಂದುಕೊಡು, ಕಣ್ಣಿನ ಹಾಗೆ ಕಾಪಾಡು ಅಂತ ನನ್ನ ಗೈಡ್ ಸಾರಿ ಸಾರಿ ಹೇಳಿ ಕಳಿಸಿದ್ದರು.

ನಾನು ಸೀನಿದ್ದು ಭಾನುವಾರ.

ಟೇಬಲ್ ಪಕ್ಕ, ನೆಲದ ಮೇಲೆ, ನಮ್ಮ ಗೌರಮ್ಮತ್ತೆ ಕೂತಿದ್ದಾರೆ. ಅಪ್ಪನ ಅಕ್ಕ. ಕಂಪ್ಲಿಯಲ್ಲಿ ಅಕ್ಕಿ ಮಿಲ್ ಇರುವ ಮನೆ ಅವರದು. ಮುಂಜಾನೆ ಬಸ್ಸಿಗೆ ಬರುವಾಗ ಮಿಲ್ಲಿನ ಸೋನಾ ಮಸೂರಿ ತಂದಿದ್ದರು. ತಮ್ಮದೇ ಮಿಲ್ಲಾದರೂ ಮಷೀನಿನ ಮೇಲೆ ಅವರಿಗೆ ನಂಬಿಕೆ ಇಲ್ಲ, ಹಾಗಾಗಿ ಬಂದವರೇ ಮೊರದ ತುಂಬ ಅಕ್ಕಿ ಸುರಿದುಕೊಂಡು ಆರಿಸುತ್ತಿದ್ದರು.

ನಾನು ಸೀನಿದ್ದು ಸರಿಯಾಗಿ ಆ ಮೊರದ ಕಡೆಗೆ... ಅಕ್ಕಿಯಷ್ಟೇ ಉದ್ದ, ಅಕ್ಕಿಯದೇ ಬಣ್ಣ, ಬಿದ್ದದ್ದೂ ಅಕ್ಕಿಯಲ್ಲೇ. ನನ್ನ ಹಣೆಬರಹ ನೋಡಿ.

ಯಾರೂ ಅಲುಗಾಡಬಾರದು ಅಂತ ಆರ್ಡರ್ ಮಾಡಿದೆ. ಹುಳು ಬಿದ್ದ ಅಕ್ಕಿಯನ್ನು ಇನ್ನು ಉಣ್ಣಬಹುದೋ ಇಲ್ಲವೋ ಅಂತ ಸುಮಾಳ ಚಿಂತೆ. ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಒಳಗೆ ಏನೂ ಇಲ್ಲ, ಬರೀ ಖಾಲಿ ಚಿಪ್ಪು ಅಂತ ಮೂರು ಸಲ ಆಣೆ ಮಾಡಿದೆ.

ಆಮೇಲೆ ಲೆನ್ಸ್, ಚಿಮಟ ಹಿಡಿದು ಕೂತೆ. ಒಂದು ಕಾಳು ಎತ್ತು, ನೋಡು, ಪಕ್ಕಕ್ಕಿಡು. ವಿಜ್ಞಾನ ಅಂದರೆ ತಾಳ್ಮೆ ಅಂತ ಕ್ಲಾಸಿನಲ್ಲಿ ಭಾಷಣ ಬಿಗಿಯುವವನು ನಾನೇ.

ಒಂದು ತಾಸಾಯಿತು. ಮೊರದ ಒಂದು ಮೂಲೆಯೂ ಮುಗಿದಿಲ್ಲ. ನಿಜ ಹೇಳುತ್ತೇನೆ, ಅಳುವೇ ಬಂದಿತ್ತು. ನಾಲ್ಕು ವರ್ಷದ ಕೆಲಸ ಸ್ವಾಮಿ ಅದು...

ಅತ್ತೆಗೆ ಹಂಪಿಗೆ ಹೋಗುವ ಅವಸರ. ವಿರೂಪಾಕ್ಷನ ದರ್ಶನ ಅಂತಲೇ ಬಂದವರು. ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಲೇ ತಮ್ಮಾ, ಹಿಂಗ ಹೆಕ್ಕಿದ್ರ ಬರೋ ಸೋಮವಾರಕ್ಕೂ ಮುಗಿಯಂಗಿಲ್ಲ, ಸರಿ ಆಕಡಿ. ಒಳಗ ಖಾಲಿ ಅಂದೆಲ್ಲ, ಕೇರಿದ್ರ ಹಗುರ ಇದ್ದದ್ದು ತಾನ ಮುಂದ ಬರ್ತದ."

ಕೇರುತ್ತಾರಂತೆ! ಹಾರಿ ಹೋದರೆ? ಒಡೆದರೆ? ಬ್ಯಾಡ ಅತ್ತಿ, ಬ್ಯಾಡ ಅಂತ ಅಂಗಲಾಚಿದೆ.

ಅವರು ಕೇಳಿಸಿಕೊಳ್ಳಲೇ ಇಲ್ಲ. ಫ್ಯಾನ್ ಆಫ್ ಮಾಡಿಸಿದರು. ಕರಿ ಕಂಬಳಿ ಹಾಸಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನಗೆ ಮೂಗು ಮುಚ್ಚಿಕೊಂಡು ದೂರ ನಿಲ್ಲಲು ಹೇಳಿದರು.

ಮೊರ ಆಡಿತು. ಜೋರಾಗಿ ಅಲ್ಲ, ತೊಟ್ಟಿಲು ತೂಗಿದ ಹಾಗೆ. ಅಕ್ಕಿ ಹಿಂದಕ್ಕೆ ಸರಿಯುತ್ತಿದೆ, ಹೊಟ್ಟು, ತೌಡು ಮುಂದಿನ ಅಂಚಿಗೆ ಬರುತ್ತಿದೆ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೇನೆ. ಹೊಟ್ಟಿನ ನಡುವೆ ಬೆಳ್ಳಗೆ ಒಂದು... ತುದಿ ಚೂಪು, ಮೈತುಂಬ ಗೆರೆ...

ಸಿಕ್ಕಿತು. ಒಂದು ಚೂರೂ ಮುಕ್ಕಾಗಿರಲಿಲ್ಲ.

ಅತ್ತೆಯ ಕಾಲಿಗೆ ಅಡ್ಡಬಿದ್ದೆ. ಎದ್ದವನೇ, ಈ ಹುಳುವಿಗೆ ನಿಮ್ಮ ಹೆಸರೇ ಇಡುತ್ತೇನೆ, ಪ್ರಪಂಚ ಇರುವ ತನಕ ಪುಸ್ತಕದಲ್ಲಿ ಇರುತ್ತದೆ ಅಂತ ಘೋಷಣೆ ಮಾಡಿಬಿಟ್ಟೆ.

ಅತ್ತೆ ಹಿಗ್ಗಲಿಲ್ಲ. ಇದು ಏನು ತಿನ್ನುತ್ತದೆ ಅಂತ ಕೇಳಿದರು.

ಪಾಚಿ ಅಂತ ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಮೇಷ್ಟ್ರ ಬಾಯಿ ಸುಮ್ಮನಿರಬೇಕಲ್ಲ... ಇದರ ಬಳಗವೆಲ್ಲ ಬೇರೆ ಹುಳುಗಳನ್ನು ಹಿಡಿದು ನುಂಗುವಂಥವು ಅಂತ ಪಾಠ ಮಾಡಿದೆ.

ಅತ್ತೆಯ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. ಮಾಂಸ ತಿನ್ನುವುದಕ್ಕೆ ತಮ್ಮ ಹೆಸರು ಬ್ಯಾಡವೇ ಬ್ಯಾಡ ಅಂದರು. ಮೊರ ಕೊಡವಿ ಗೋಡೆಗೆ ಆನಿಸಿದರು.

"ನಿಮ್ಮ ಮಾವನ ಹೆಸರು ಇಡು. ಹೊಸಪೇಟಿಗೆ ಬಂದಾಗೆಲ್ಲ ನಿನ್ನ ಕರ್ಕಂಡು ಹೋಗಿ ಕೋಳಿ ತಿಂತಿದ್ದ. ನನಗ ಗೊತ್ತಿಲ್ಲ ಅಂತಾನ ತಿಳ್ಕಂಡು ಹೋದ, ಪಾಪ."

ಮಾವ ಅಂದರೆ ಅತ್ತೆಯ ಗಂಡ, ತೀರಿಕೊಂಡು ಆರು ವರ್ಷ. ಮದುವೆಯಾದಾಗಿನಿಂದ ನನ್ನನ್ನು ಶುದ್ಧ ಸಸ್ಯಾಹಾರಿ ಅಂತ ನಂಬಿದ್ದ ಸುಮಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅತ್ತೆ ನಗುತ್ತಲೇ ಕಣ್ಣು ಒರೆಸಿಕೊಂಡು, ಹಂಪಿ ಬಸ್ಸಿಗೆ ಹೊತ್ತಾಯಿತು ಅಂತ ಚಪ್ಪಲಿ ಹಾಕಿಕೊಂಡರು.

ಚಿಪ್ಪು ಸುರಕ್ಷಿತವಾಗಿ ವಾಪಸ್ ಸೇರಿದೆ. ಮಾವನ ಹೆಸರಿಗೆ ಗೈಡ್ ಒಪ್ಪಿದ್ದಾರೆ. ಈ ಹೆಸರು ಯಾಕೆ ಇಟ್ಟಿದ್ದು ಅಂತ ಪೇಪರಿನಲ್ಲಿ ಒಂದು ಸಾಲು ಬರೆಯುವುದು ಮಾತ್ರ ಬಾಕಿ.

ಮಾವನ ಮಾನವೂ ಉಳಿಯಬೇಕು, ಮನೆಯಲ್ಲಿ ನನಗೆ ಊಟವೂ ಸಿಗಬೇಕು... ಏನಂತ ಬರೆಯಲಿ, ನೀವೇ ಹೇಳಿ?