ಎರಡು ರೈಲುಗಳ ನಡುವೆ ಒಂದು ಸಂಗೀತ

ಅವರ ಬಲಗಣ್ಣಿನ ಸುತ್ತ, ಬಳೆ ಒತ್ತಿ ತೆಗೆದಂತೆ, ಒಂದು ದುಂಡನೆಯ ಗುರುತು ಇರುತ್ತಿತ್ತು. ಕೈಗಡಿಯಾರದ ಕಾರ್ಖಾನೆಯಲ್ಲಿ ದಿನವಿಡೀ ಆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿನಷ್ಟು ಸಣ್ಣ ತಿರುಪುಗಳನ್ನು ಕೂರಿಸುವ ಕೆಲಸ. ಸಂಜೆ ಬಸ್ಸಿಳಿದು ಯಶವಂತಪುರದ ನಮ್ಮ ವಠಾರಕ್ಕೆ ಬರುವಾಗಲೂ ಗುರುತು ಮಾಸಿರುತ್ತಿರಲಿಲ್ಲ. ಧಾರವಾಡದ ಕಡೆಯವರು, ಮದುವೆಯಾಗಿರಲಿಲ್ಲ. ನಮ್ಮ ತಲೆಯ ಮೇಲಿನ ಒಂಟಿ ಕೋಣೆಯಲ್ಲಿದ್ದರು. ವಠಾರಕ್ಕೆಲ್ಲ ಅವರು 'ಮೇಲಿನ ಮನೆ ಅಕ್ಕಾವ್ರು'.

ಎಂಬತ್ತರ ದಶಕದ ನಡುವೆ ಅವರ ತಮ್ಮ ದುಬೈಯಿಂದ ಒಂದು ಸಿಂಥಸೈಜರ್, ಅಂದರೆ ಹಾರ್ಮೋನಿಯಂನಂಥ ಕರೆಂಟಿನ ವಾದ್ಯ, ತಂದುಕೊಟ್ಟ. ಒಂದು ಗುಂಡಿ ಒತ್ತಿದರೆ ಕೊಳಲಿನ ದನಿ, ಇನ್ನೊಂದು ಒತ್ತಿದರೆ ಪಿಟೀಲು. ಸಿನಿಮಾ ಹಾಡು ನುಡಿಸಿ ಎಂದು ಯಾರು ಬೇಡಿಕೊಂಡರೂ ಊಹೂಂ. "ಮಂದಿ ಹಾಡು ನಾ ಯಾಕ ಬಾರಸ್ಲಿ? ನಂದೇ ಕಟ್ತೀನಿ," ಅನ್ನುತ್ತಿದ್ದರು. ಮಾತಿಲ್ಲದ, ಬರೀ ವಾದ್ಯದ ಸಂಗೀತ. ಮೊದಲು ಕೊಳಲಿನ ದನಿಯನ್ನು ಒಂದು ಟೇಪ್ ರೆಕಾರ್ಡರಿನಲ್ಲಿ ಹಿಡಿಯುವುದು. ಆಮೇಲೆ ಅದನ್ನು ಹಾಕಿಕೊಂಡು, ಜೊತೆಗೆ ಪಿಟೀಲು ನುಡಿಸಿ, ಎರಡನ್ನೂ ಇನ್ನೊಂದು ಟೇಪ್ ರೆಕಾರ್ಡರಿನಲ್ಲಿ ಹಿಡಿಯುವುದು. ಹೀಗೆ ಪದರದ ಮೇಲೆ ಪದರ.

ತೊಂದರೆ ಏನೆಂದರೆ, ವಠಾರದಲ್ಲಿ ಸೀನಿದರೂ ಅದು ಟೇಪಿಗೆ ಹತ್ತುತ್ತಿತ್ತು. ಸಾಲದ್ದಕ್ಕೆ ನಮ್ಮ ಹಿತ್ತಲಿಗೆ ಅಂಟಿಕೊಂಡೇ ರೈಲು ಹಳಿ. ಭಾನುವಾರ ಮಧ್ಯಾಹ್ನ ಎರಡು ರೈಲುಗಳ ನಡುವೆ ಹನ್ನೊಂದು ನಿಮಿಷ ಬಿಡುವು ಸಿಗುತ್ತದೆ ಎಂದು ಅವರೇ ಗಡಿಯಾರ ಹಿಡಿದು ಲೆಕ್ಕ ಹಾಕಿದ್ದರು. ಅವರ ರಚನೆಗಳೆಲ್ಲ ಹನ್ನೊಂದು ನಿಮಿಷದೊಳಗಿನವು. ಕಿಟಕಿಯಲ್ಲಿ ಕೆಂಪು ಟವೆಲ್ ಕಂಡರೆ ವಠಾರ ಗಪ್‌ಚುಪ್: ನಲ್ಲಿ ಬಂದ್, ಒಗೆಯುವ ಕಲ್ಲು ಬಂದ್, ಕುಕ್ಕರ್ ಬಂದ್. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಮೆಟ್ಟಿಲ ಕೆಳಗೆ ನಿಂತು ಕೂಗಿಯೇಬಿಟ್ಟೆ: "ನಿಮ್ಮ ಪೀಂ ಪೀಂಗೋಸ್ಕರ ನಾವು ಉಪವಾಸ ಬೀಳ್ಬೇಕೇನ್ರೀ?"

ಅವರು ಇಣುಕಿ, "ತಪ್ಪಾತ್ರೀ ತಂಗಿ. ನಿಮ್ಮ ಅಡಿಗಿ ಆದಮ್ಯಾಲೆ ಹೇಳ್ರಿ, ನಾ ಕಾಯ್ತೀನಿ," ಎಂದರು. ಜಗಳಕ್ಕೆ ಹೋದವಳು ಪೆಚ್ಚಾಗಿ ಒಳಗೆ ಬಂದೆ.

ನಿಜ ಹೇಳಬೇಕೆಂದರೆ ನನ್ನ ಸಿಟ್ಟಿನ ಕಾರಣ ಬೇರೆಯೇ ಇತ್ತು. ನನ್ನ ಮಗಳಿಗೆ ಆಗ ಏಳು ತಿಂಗಳು. ಶೆಟ್ಟಿಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಒಂದು ದಿನ ಅವಳ ಬೆನ್ನ ಹಿಂದೆ ತಟ್ಟೆ ಬಡಿದು, "ಇಂಗೆ ಬಡುದ್ರೂ ತಿರುಗಾಕಿಲ್ವಲ್ಲಮ್ಮಿ! ಮಗೀಗೆ ಕಿವಿ ಕೇಳಾಕಿಲ್ವೇನೋ," ಎಂದುಬಿಟ್ಟರು. ಹೌದಲ್ಲ, ರೈಲು ಕೂಗಿಕೊಂಡು ಹೋದರೂ ಇವಳು ರೆಪ್ಪೆ ಅಲುಗಿಸುವುದಿಲ್ಲ! ಡಾಕ್ಟರು ಪರೀಕ್ಷೆಗೆ ಮುಂದಿನ ತಿಂಗಳು ಬರಹೇಳಿದರು. ಅಲ್ಲಿಯವರೆಗೆ ಪಾತ್ರೆ ಬಡಿಯುವುದು, ಅಳುವುದು, ಇವೆರಡೇ ನನ್ನ ಕೆಲಸವಾಯಿತು. ವಠಾರಕ್ಕೆಲ್ಲ ಸುದ್ದಿ ಹಬ್ಬಿತು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಕಿಟಕಿಯಲ್ಲಿ ಕೆಂಪು ಟವೆಲ್ ಕಂಡಿತು. ನಾನು ಒಲೆ ಆರಿಸಿ, ಚಾಪೆಯ ಮೇಲೆ ಕೂತಿದ್ದ ಮಗಳ ಎದುರು ಸುಮ್ಮನೆ ಕೂತೆ. ವಠಾರದಲ್ಲಿ ಒಂದು ಚಮಚದ ಸದ್ದೂ ಇಲ್ಲ. ಮೇಲಿಂದ ಒಂದೇ ಒಂದು ಸ್ವರ, ಮೆಲ್ಲಗೆ, ಉದ್ದಕ್ಕೆ ಇಳಿದು ಬಂತು. ಮಗಳ ಕೈಯಲ್ಲಿದ್ದ ಗಿಲಕಿ ನಿಂತಿತು. ಅವಳು ಕತ್ತೆತ್ತಿ ಸೂರು ನೋಡಿದಳು.

ಅಯ್ಯೋ ದೇವರೇ! ಮಗುವನ್ನು ಬಾಚಿಕೊಂಡು, ಕಿರುಚುತ್ತಲೇ ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ. ಎರಡೂ ಟೇಪು ತಿರುಗುತ್ತಿದ್ದವು. "ಅಕ್ಕಾವ್ರೆ, ಕೇಳಿಸ್ತು, ಇವಳಿಗೆ ಕೇಳಿಸ್ತು!" ಎಂದೆ.

ಅವರು ಟೇಪುಗಳ ಕಡೆ ನೋಡಲೇ ಇಲ್ಲ. "ಕೂಸಿನ ಮುಖ ಬಾಗಿಲ ಕಡೆ ಮಾಡಿ ಎತ್ಕೊಂಡು ನಿಂದ್ರಿ," ಎಂದು, ಸಿಂಥಸೈಜರಿನ ಒಂದು ಕೀ ಒತ್ತಿದರು. ಮಗಳು ನನ್ನ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿದಳು. ಇನ್ನೊಂದು ಸ್ವರ, ಇನ್ನೂ ಮೆಲ್ಲಗೆ. ತಿರುಗಿದಳು. ಮತ್ತೂ ಸಣ್ಣದು, ನನಗೇ ಸರಿಯಾಗಿ ಕೇಳಿಸದಷ್ಟು. ಅದಕ್ಕೂ ತಿರುಗಿದಳು! ಅಷ್ಟರಲ್ಲಿ ರೈಲು ಬಂದು ಇಡೀ ಕೋಣೆ ಗಡಗಡ ನಡುಗಿತು. ಮಗಳು ತನ್ನ ಪಾಡಿಗೆ ನನ್ನ ಸೆರಗು ಚೀಪುತ್ತಿದ್ದಳು.

ಅಕ್ಕಾವ್ರು ಬಿದ್ದುಬಿದ್ದು ನಕ್ಕರು. "ಹೊಟ್ಟ್ಯಾಗ ಇದ್ದಾಗಿಂದ ರೈಲು ಕೇಳ್ಯಾಳ್ರೀ ಇಕಿ. ಅದಕ್ಕ ಅಂಜ್ತಾಳೇನು? ನಿಮ್ಮ ತಾಟು, ನಿಮ್ಮ ರೈಲು, ಎಲ್ಲಾ ಇಕೀಗೆ ಒಂದೇ ಗದ್ದಲ. ಇವತ್ತ ಹೊಸಾ ದನಿ ಬಂತು, ನೋಡಿದ್ಲು."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಹೋಗಿತ್ತು. ಅವರು ನೀರು ಕೊಟ್ಟರು. ಆಮೇಲೆ ನೋಡಿದರೆ, ಒಂದೂವರೆ ತಿಂಗಳಿಂದ ಕಟ್ಟಿದ್ದ ರಚನೆಯ ಕೊನೆಯ ಪದರದ ತುಂಬ ನನ್ನ ಕಿರುಚಾಟ. "ಇರ್ಲಿ ಬಿಡ್ರಿ, ರವಿವಾರ ಮತ್ತ ಬರ್ತದ," ಎಂದರು. "ಆದ್ರೂ ಡಾಕ್ಟರ್ ಕಡೆ ಹೋಗೋದು ತಪ್ಪಸ್ಬ್ಯಾಡ್ರಿ." ಹೋದೆವು. ಎರಡೂ ಕಿವಿ ಚೆನ್ನಾಗಿವೆ ಎಂದರು.

ಅಕ್ಕಾವ್ರು ನಿವೃತ್ತಿಯಾಗಿ ಧಾರವಾಡಕ್ಕೆ ಹೋದರು. ಹೋದ ವರ್ಷ ಅವರ ತಮ್ಮ ಫೋನು ಮಾಡಿ, ಅಕ್ಕ ತೀರಿಕೊಂಡರು, ನಿಮ್ಮ ಮಗಳನ್ನು ಬಹಳ ನೆನೆಯುತ್ತಿದ್ದರು ಎಂದ. ಮಗಳಿಗೆ ಹೇಳಿದೆ. ಅವಳು, "ಅವತ್ತು ಅವರು ಏನ್ ನುಡಿಸ್ತಿದ್ರಮ್ಮ? ಒಂಚೂರು ಗುನುಗು," ಎಂದಳು.

ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

"ನಾನು ಕೇಳ್ಲೇ ಇಲ್ಲ ಕಣೇ," ಎಂದೆ. "ನೀನು ಕೇಳೋದನ್ನ ನೋಡ್ತಾ ಇದ್ದೆ."