ಅಕ್ಕೋಳದಲ್ಲಿ ಅಮ್ಮನ ಬದನೆ ಬೀಜ

ನಿಪ್ಪಾಣಿಯಲ್ಲಿ ಬಸ್ಸಿನಿಂದ ಇಳಿದವಳಿಗೆ ಸೀನು ಶುರುವಾಯಿತು, ನಿಲ್ಲಲೇ ಇಲ್ಲ. ನಶ್ಯದ ಡಬ್ಬಿಯೊಳಗೆ ಮೂಗು ಇಟ್ಟಂತಿತ್ತು ಅಲ್ಲಿನ ಗಾಳಿ. ಸುತ್ತಲಿನವರೆಲ್ಲ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ನಿರುಮ್ಮಳವಾಗಿ ಮಾತಾಡಿಕೊಂಡಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಅಕ್ಕೋಳದ ದಾರಿ ಕೇಳಿದರೆ, ಅದು ತಂಬಾಕಿನ ಘಾಟು, ರೂಢಿಯಾಗುತ್ತದೆ ಎಂದು ಒಬ್ಬರು ಸಮಾಧಾನ ಹೇಳಿದರು. ಇದೂ ಕನ್ನಡನಾಡೇ ಎಂದು ನಂಬಲು ಕುಂದಾಪುರದ ಕಡೆಯ ನನಗೆ ಕೆಲವು ದಿನ ಬೇಕಾಯಿತು.

ಇದು ಎಂಬತ್ತರ ದಶಕದ ನಡುವಿನ ಮಾತು. ನಾನು ಸರ್ಕಾರಿ ದಾದಿ. ಅಕ್ಕೋಳದಲ್ಲಿ ನನಗೆ ಹೆಸರಿರಲಿಲ್ಲ, ಎಲ್ಲರಿಗೂ ನಾನು 'ಬಾಯಾರು', ಆ ಕಡೆ ದಾದಿಯನ್ನು ಕರೆಯುವುದೇ ಹಾಗೆ. ತಂಬಾಕು ಬೆಳೆಯುವ, ಎರಡು ಎಮ್ಮೆ ಕಟ್ಟಿದ ಗಂಗವ್ವನ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮಲ್ಲಿ ಮನೆಗೊಂದು ಬಾವಿ, ಇಲ್ಲಿ ಕೊಡ ಹಿಡಿದು ಸರದಿ. ನಮ್ಮಲ್ಲಿ ಎರಡು ಹೊತ್ತೂ ಗಂಜಿ, ಇಲ್ಲಿ ಹಲ್ಲಿನ ಗಟ್ಟಿತನ ನೋಡುವ ಜೋಳದ ರೊಟ್ಟಿ. ಅವನ್ನೆಲ್ಲ ಕಲಿತೆ. ಕಲಿಯಲಾಗದೆ ಹೋದದ್ದು ಒಂದೇ. ದಿನವಿಡೀ ಹತ್ತು ಮನೆಯ ಹೆರಿಗೆ, ಬಾಣಂತನ ನೋಡಿ ಬಂದು ಬೀಗ ತೆಗೆದರೆ, ಉಂಡೆಯಾ ಎಂದು ಕೇಳುವವರು ಯಾರೂ ಇರಲಿಲ್ಲ. ಅದು ನನಗೆ ಬಹಳ ನೋವು ಕೊಡುತ್ತಿತ್ತು.

ಅಮ್ಮ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಅವಳು ಬೆಳೆಯುತ್ತಿದ್ದ ಬದನೆ ಗುಂಡಗೆ, ಹಸಿರು, ಮೈತುಂಬ ಬಿಳಿ ಗೆರೆ. ಅವಳು ಹೋದ ಮಳೆಗಾಲದಲ್ಲಿ ಗಿಡಗಳೆಲ್ಲ ಕೊಳೆತಿದ್ದವು. ಬೂದಿಯಲ್ಲಿ ಕಲಸಿ ಅವಳು ಅಡುಗೆಮನೆಯ ಗೋಡೆಗೆ ಒತ್ತಿಟ್ಟಿದ್ದ ಬೀಜ ಮಾತ್ರ ಉಳಿದಿತ್ತು. ಅದನ್ನು ಉಗುರಿನಿಂದ ಕೆರೆದು ಕಾಗದದಲ್ಲಿ ಕಟ್ಟಿ ತಂದಿದ್ದೆ. ಹೆಚ್ಚೆಂದರೆ ನಲವತ್ತು ಬೀಜ. ಇವು ಹೋದರೆ ಆ ಬದನೆಯ ವಂಶವೇ ಮುಗಿಯಿತು.

ಅಂಗಳದಲ್ಲಿ ಹಾಕಿದರೆ ಕೋಳಿ, ಆಡು ಬಿಡುವುದಿಲ್ಲ. ಆದ್ದರಿಂದ ತಗಡಿನ ಡಬ್ಬದಲ್ಲಿ ಹೊಲದ ಕರಿಮಣ್ಣು ತುಂಬಿ, ಬೆರಳುದ್ದ ತೂತು ಮಾಡಿ ಅರ್ಧದಷ್ಟು ಬೀಜ ಹಾಕಿ ಕಿಟಕಿಯಲ್ಲಿಟ್ಟೆ. ಮಳೆಯ ಊರಿನವಳ ಕೈ, ದಿನಕ್ಕೆರಡು ಸಲ ನೀರು ಸುರಿಯಿತು. ಊರಿನಲ್ಲಾದರೆ ಉಗಿದ ಬೀಜವೂ ವಾರದೊಳಗೆ ತಲೆ ಎತ್ತುತ್ತದೆ. ಇಲ್ಲಿ ಹದಿನೈದು ದಿನವಾದರೂ ಸುದ್ದಿಯಿಲ್ಲ. ನಾನು ಒಂದೊಂದನ್ನೇ ಕೆದರಿ ನೋಡುತ್ತಿದ್ದೆ. ಕೊನೆಗೆ ಡಬ್ಬವನ್ನೇ ಬೋರಲು ಹಾಕಿದರೆ ಮಣ್ಣು ಹಸಿ ಇಟ್ಟಿಗೆಯಾಗಿತ್ತು, ಬೀಜ ಕೊಳೆತಿತ್ತು. ಅಲ್ಲೇ ಕೂತು ಅತ್ತೆ. ಅಮ್ಮ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಗಂಗವ್ವ ಹಾಲು ಕೊಡಲು ಬಂದವಳು ನನ್ನ ಮುಖ ನೋಡಿದಳು, ಮಣ್ಣು ನೋಡಿದಳು.

"ನೀರಾಗ ಮುಳಗಿಸೀರಿ ಬಾಯಾರ. ಎರಿ ಮಣ್ಣು ನೀರ ಕುಡದ್ರ ಬಿಡಂಗಿಲ್ಲ, ಮ್ಯಾಲ ಈ ಥಂಡಿ. ಹಡ್ಯಾಕ ಬಂದವ್ರಿಗೆ ಅವಸರ ಮಾಡಬ್ಯಾಡ್ರಿ ಅಂತೀರಿ, ನೀವ ದಿನಾ ಕೆದರಿ ನೋಡಿದ್ರ ಹೆಂಗ್ರಿ?"

ಉಳಿದ ಬೀಜದ ಕಾಗದವನ್ನು ಅವಳ ಕೈಗೆ ಕೊಡಲು ನನಗೆ ಎರಡು ದಿನ ಹಿಡಿಯಿತು. ಧೂಳಿನಷ್ಟು ಸಣ್ಣ ತಂಬಾಕಿನ ಬೀಜದಲ್ಲಿ ಸಸಿ ಎಬ್ಬಿಸುವ ಹೆಂಗಸು ಅವಳು. ನವರಾತ್ರಿಯಲ್ಲಿ ಈ ಕಡೆ ದೇವರ ಮುಂದೆ 'ಘಟ' ಕೂಡಿಸುತ್ತಾರೆ: ಮಣ್ಣಿನ ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ, ಸುತ್ತ ಕಾಳು. ಗಡಿಗೆ ಜಿನುಗಿದಷ್ಟೇ ಕಾಳಿಗೆ ನೀರು. ಗಂಗವ್ವ ಅದೇ ದಾರಿ ಹಿಡಿದಳು. ಹಳೆಯ ಬುಟ್ಟಿಯಲ್ಲಿ ಉಸುಕು, ಹಳೆ ಗೊಬ್ಬರ, ಸ್ವಲ್ಪವೇ ಮಣ್ಣು ಬೆರೆಸಿ, ನಡುವೆ ಪುಟ್ಟ ಗಡಿಗೆ ಹೂಳಿದಳು. ಬೀಜವನ್ನು ಮೇಲೆಯೇ ಉದುರಿಸಿ ಚಿಟಿಕೆ ಬೂದಿ ಮುಚ್ಚಿ, ಬಚ್ಚಲ ಒಲೆಯ ಪಕ್ಕದ ಬಿಸಿಗೆ ಇಟ್ಟಳು. ಕಾಲವಲ್ಲದ ಕಾಲದಲ್ಲಿ ಘಟ ಕೂಡಿಸಬಹುದೇ ಎಂದು ನಾನು ಹಿಂಜರಿದೆ.

"ದೇವರ ಘಟ ದಸರಾಕ್ಕಷ್ಟರಿ. ಇದು ನಿಮ್ಮವ್ವನ ಹೆಸರಿಲೆ. ಮೊಳಕಿ ಬರೂತನಾ ಕೈ ಹಚ್ಚಬ್ಯಾಡ್ರಿ."

ಕೈ ಹಚ್ಚಲಿಲ್ಲ. ಆ ದಿನಗಳಲ್ಲಿ ಬೇಕೆಂದೇ ಕೆಲಸ ಹುಡುಕಿಕೊಂಡು ದೂರದ ಮನೆಗಳಿಗೆ ನಡೆದೆ. ಹನ್ನೊಂದನೆಯ ದಿನ ಬೂದಿ ಬಿರಿದಿತ್ತು, ಬಾಗಿದ ಕುತ್ತಿಗೆಯೊಂದು ಕಂಡಿತು. ಒಟ್ಟು ಒಂಬತ್ತು ಎದ್ದವು. ಕೂಡಲೇ ಅವನ್ನು ಬೆಳಕಿಗೆ ಸರಿಸಬೇಕು, ಇಲ್ಲದಿದ್ದರೆ ಕಡ್ಡಿಯಾಗಿ ಉದ್ದ ಬೆಳೆದು ಬೀಳುತ್ತವೆ ಎಂಬುದನ್ನೂ ಗಂಗವ್ವನೇ ಕಲಿಸಿದಳು. ಆ ಸಂಜೆ ಅವಳ ಮನೆಯಲ್ಲೇ ಉಂಡೆ.

ಗಂಗವ್ವನ ಹೊಲದ ಬದುವಿಗೆ ನೆಟ್ಟ ಗಿಡಗಳು ಕಾಯಿ ಬಿಟ್ಟಾಗ ಅಮ್ಮ ಮಾಡುತ್ತಿದ್ದಂತೆ ತೆಂಗಿನಕಾಯಿ ಅರೆದು ಹುಳಿ ಮಾಡಿದೆ. ಕರಗಬೇಕಾದ ಬದನೆ ಇಲ್ಲಿನ ಬಿಸಿಲಿಗೆ ಬಲಿತು ಗಟ್ಟಿಯಾಗಿತ್ತು, ಅಮ್ಮನ ರುಚಿ ಬರಲಿಲ್ಲ. ಗಂಗವ್ವ ಅದೇ ಕಾಯಿಗೆ ಶೇಂಗಾ, ಖಾರ ತುಂಬಿ ಎಣ್ಣೆಗಾಯಿ ಮಾಡಿದಳು. ಹೇಳಲು ಸಂಕಟವಾಗುತ್ತದೆ, ಅದೇ ಚೆನ್ನಾಗಿತ್ತು.

ನಾಲ್ಕನೇ ವರ್ಷ ರಜೆಯಲ್ಲಿ ಊರಿಗೆ ಹೋದಾಗ ಅಣ್ಣನಿಗೆ ಬೀಜ ಕೊಟ್ಟು ಬಂದೆ. ಅಮ್ಮನ ಬದನೆ ಅಮ್ಮನ ಹಿತ್ತಲಿಗೆ ಸೇರಿತು, ನನ್ನ ಋಣ ತೀರಿತು ಎಂದುಕೊಂಡೆ. ಕೆಲವು ತಿಂಗಳ ಮೇಲೆ ಅತ್ತಿಗೆಯ ಕಾಗದ ಬಂತು. ಎಲ್ಲರೂ ಕ್ಷೇಮ, ಮಳೆ ಜೋರು, ಮತ್ತೆ ಕೊನೆಯ ಸಾಲಿನಲ್ಲಿ, 'ನಿಮ್ಮ ಕಡೆಯ ಬದನೆ ತುಂಬ ಕಾಯಿ ಬಿಟ್ಟಿದೆ.'

ಕಾಗದ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಅಂಗಳದಲ್ಲಿ ಗಂಗವ್ವ ಪಕ್ಕದ ಮನೆಯವಳ ಮಡಿಲಿಗೆ ನಾಲ್ಕು ಕಾಯಿ ಹಾಕುತ್ತಿದ್ದಳು. ಯಾವ ತಳಿ ಎಂದು ಆಕೆ ಕೇಳಿರಬೇಕು.

"ಇದು ನಮ್ಮ ಕಡೇದಲ್ಲ ಯವ್ವಾ," ಎಂದಳು ಗಂಗವ್ವ, "ಬಾಯಾರ ಊರಿಂದು."

ನಾನು ಯಾರನ್ನೂ ತಿದ್ದಲಿಲ್ಲ.